ಮಾತ್ರೆಯ ಲೆಕ್ಕಕ್ಕೆ ಸರ್ಕಾರದ ದುಡ್ಡು

ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಗೋ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ತಾಲ್ಲೂಕು ಆಸ್ಪತ್ರೆಗಳಿಗೋ ಬರುವ ಮಾತ್ರೆಯ ಪೆಟ್ಟಿಗೆ ತಯಾರಕರಿಂದ ಗೋದಾಮಿಗೆ, ಅಲ್ಲಿಂದ ಆಸ್ಪತ್ರೆಯ ಉಗ್ರಾಣಕ್ಕೆ ದಾಟಿ ಬರುತ್ತದೆ. ನಡುವೆ ಯಾರಾದರೂ ಲೆಕ್ಕ ತಿದ್ದಿದರೆ ಚೀಟಿ ಹಿಡಿದು ಸಾಲಿನಲ್ಲಿ ನಿಂತ ರೋಗಿಗೆ ಗೊತ್ತಾಗುವುದೇ ಇಲ್ಲ.

ಸರ್ಕಾರಿ ಆಸ್ಪತ್ರೆಗಳ ಔಷಧ ಸರಬರಾಜಿನ ಲೆಕ್ಕವಿಡುವ ಕರ್ನಾಟಕದ ‘ಔಷಧ’ ತಂತ್ರಾಂಶ ಬ್ಲಾಕ್‌ಚೈನ್‌ನತ್ತ ಹೊರಳಿದ್ದು ಇದಕ್ಕಾಗಿಯೇ. ಇಲ್ಲಿ ಪ್ರತಿ ದಾಖಲೆಯಲ್ಲೂ ಹಿಂದಿನದರ ಗುರುತು ಸೇರಿರುತ್ತದೆ. ಒಂದನ್ನು ತಿದ್ದಿದರೆ ಸರಪಳಿಯೇ ಹೊಂದುವುದಿಲ್ಲ, ಕಳ್ಳಾಟ ಸಿಕ್ಕಿಬೀಳುತ್ತದೆ.

ಇಂಥ ವ್ಯವಸ್ಥೆಯನ್ನು ಪ್ರತಿ ಇಲಾಖೆಯೂ ಬೇರೆ ಬೇರೆಯಾಗಿ ಕಟ್ಟುವುದು ಶುದ್ಧ ದುಂದು. ಆದ್ದರಿಂದ 64.76 ಕೋಟಿ ರೂಪಾಯಿ ವೆಚ್ಚದ ರಾಷ್ಟ್ರೀಯ ಬ್ಲಾಕ್‌ಚೈನ್ ಚೌಕಟ್ಟಿಗೆ ಕೇಂದ್ರ ಸರ್ಕಾರ ಹಣ ಕೊಟ್ಟದ್ದು ಸರಿಯಾದ ಕೆಲಸ. 2024ರ ಸೆಪ್ಟೆಂಬರ್ 4ರಂದು ಇದಕ್ಕೆ ಚಾಲನೆ ಸಿಕ್ಕಿತು. ಇದರ ‘ವಿಶ್ವಸ್ಯ’ ವೇದಿಕೆ ಭುವನೇಶ್ವರ, ಪುಣೆ, ಹೈದರಾಬಾದ್‌ನಲ್ಲಿರುವ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ (ಎನ್‌ಐಸಿ) ದತ್ತಾಂಶ ಕೇಂದ್ರಗಳಲ್ಲಿದೆ. ಭೂದಾಖಲೆ, ಪ್ರಮಾಣಪತ್ರಗಳಿಗೂ ಇದೇ ತಳಹದಿ ಸಾಕು.

ಆದರೆ ಉಗ್ರಾಣದಲ್ಲಿ ಬ್ಯಾಚ್ ಸಂಖ್ಯೆ ತಪ್ಪಾಗಿ ನಮೂದಾದರೆ ಬ್ಲಾಕ್‌ಚೈನ್ ಆ ತಪ್ಪನ್ನೇ ಜೋಪಾನವಾಗಿ ಕಾಪಾಡುತ್ತದೆ! ಸರ್ವರ್‌ಗೆ ಸಿಕ್ಕ ಅನುದಾನದಲ್ಲಿ ಒಂದು ಪಾಲು ಶ್ರೀನಿವಾಸಪುರದಂಥ ತಾಲ್ಲೂಕುಗಳ ಸ್ಕ್ಯಾನರ್, ಇಂಟರ್ನೆಟ್ ಮತ್ತು ಫಾರ್ಮಸಿಸ್ಟರ ತರಬೇತಿಗೂ ಪ್ರತಿ ವರ್ಷ ತಪ್ಪದೆ ಸಿಗಬೇಕು.