ಸಂಶೋಧನೆಗೆ ಸುತ್ತೋಲೆಯ ಬೇಲಿ

ಕಾಸರಗೋಡು ಜಿಲ್ಲೆಯ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯವು 2019ರ ಮಾರ್ಚ್ ತಿಂಗಳಲ್ಲಿ ತನ್ನ ವಿಭಾಗಗಳಿಗೆ ಒಂದು ಸುತ್ತೋಲೆ ಕಳುಹಿಸಿತು. ಪಿಎಚ್.ಡಿ. ಪ್ರಬಂಧದ ವಿಷಯಗಳು ‘ರಾಷ್ಟ್ರೀಯ ಆದ್ಯತೆ’ಗಳಿಗೆ ಹೊಂದಿಕೊಳ್ಳಬೇಕು, ಅಪ್ರಸ್ತುತ ವಿಷಯಗಳಿಗೆ ಉತ್ತೇಜನ ಕೊಡಬಾರದು, ವಿಭಾಗಗಳು ವಿಷಯಗಳ ಪಟ್ಟಿ ಸಿದ್ಧಪಡಿಸಿ ವಿದ್ಯಾರ್ಥಿಗಳು ಅದರಿಂದ ಆಯ್ದುಕೊಳ್ಳುವಂತೆ ಮಾಡಬೇಕು ಎಂಬುದು ಅದರ ಸಾರ. ಇದಕ್ಕೆ ಮೂಲವಾದದ್ದು 2018ರ ಡಿಸೆಂಬರ್‌ನಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯವು ಕುಲಪತಿಗಳೊಂದಿಗೆ ನಡೆಸಿದ ಸಭೆ. ಅಲ್ಲಿನ ಇಂಗ್ಲಿಷ್ ಅಧ್ಯಯನ ಮಂಡಳಿಯ ಸದಸ್ಯೆ ಮೀನಾ ಟಿ. ಪಿಳ್ಳೈ ಪ್ರತಿಭಟಿಸಿ ರಾಜೀನಾಮೆಯಿತ್ತರು. ಎರಡು ವರ್ಷಗಳ ತರುವಾಯ, 2021ರಲ್ಲಿ, ಅದೇ ವಿಶ್ವವಿದ್ಯಾಲಯದ ಅಧ್ಯಾಪಕರೊಬ್ಬರನ್ನು ಫ್ಯಾಸಿಸಂ ಕುರಿತು ತರಗತಿಯಲ್ಲಿ ಆಡಿದ ಮಾತಿಗಾಗಿ ಅಮಾನತುಗೊಳಿಸಿ, ಬಳಿಕ ಅಮಾನತನ್ನು ಹಿಂತೆಗೆದುಕೊಳ್ಳಲಾಯಿತು.

ಈ ಕರಾವಳಿಯ ಸಂಗತಿಗೂ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಕಲ್ಲುಗುಡ್ಡದ ಸೀಮೆಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧ ಕುಡಿಯುವ ನೀರಿನಲ್ಲಿದೆ.

ಪಾವಗಡದ ಜನರು ದಶಕಗಳ ಕಾಲ ಫ್ಲೋರೈಡ್ ಬೆರೆತ ಕೊಳವೆಬಾವಿಯ ನೀರನ್ನು ಕುಡಿದವರು. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಅಪಾಯವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಹಲ್ಲು ಕಂದುಗಟ್ಟುವುದು, ನಡುವಯಸ್ಸಿಗೇ ಕೀಲುಗಳು ಬಿಗಿದು ಬೆನ್ನು ಬಾಗುವುದು ಹಣೆಬರಹವಲ್ಲ, ನೀರಿನ ದೋಷ ಎಂಬುದನ್ನು ಈ ದೇಶಕ್ಕೆ ತಿಳಿಸಿಕೊಟ್ಟವರು ಸಂಶೋಧಕರು. 1937ರಲ್ಲಿ ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಶಾರ್ಟ್ ಎಂಬ ವೈದ್ಯವಿಜ್ಞಾನಿ ಮತ್ತು ಅವರ ಸಂಗಡಿಗರು ಮೂಳೆಯ ಈ ರೋಗವನ್ನು ಮೊದಲ ಬಾರಿಗೆ ವಿವರಿಸಿದರು. ಮೂಲೆಯ ಹಳ್ಳಿಗಳ ರೈತರ ಮೂಳೆನೋವು ಆ ಕಾಲದ ಸರ್ಕಾರದ ಆದ್ಯತೆಯ ಪಟ್ಟಿಯಲ್ಲಿ ಎಷ್ಟನೆಯದಾಗಿತ್ತೋ!

ಅದಕ್ಕಿಂತಲೂ ಯೋಚಿಸಬೇಕಾದದ್ದು 1970ರ ದಶಕದ ಕಥೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಫ್ಲೋರೈಡ್ ಪೀಡಿತ ಹಳ್ಳಿಗಳ ಎಳೆಯರಲ್ಲಿ ಮೊಣಕಾಲುಗಳು ಒಳಕ್ಕೆ ಬಾಗುವ ಹೊಸ ತೊಂದರೆಯನ್ನು ಕಂಡರು. ಜೋಳವೇ ಮುಖ್ಯ ಆಹಾರವಾದ ಬಡವರಲ್ಲಿ ಅದು ಹೆಚ್ಚಾಗಿತ್ತು. ಕಾರಣ ಹುಡುಕುತ್ತ ಹೊರಟವರು ನಾಗಾರ್ಜುನಸಾಗರ ಅಣೆಕಟ್ಟೆಯ ಬಳಿಕ ಅಂತರ್ಜಲ ಮಟ್ಟದಲ್ಲಿ ಆದ ಏರಿಕೆಗೂ ಈ ರೋಗಕ್ಕೂ ನಂಟಿರಬಹುದೆಂಬ ಶಂಕೆಯನ್ನು ಪ್ರಕಟಿಸಿದರು. ಅಣೆಕಟ್ಟೆ ದೇಶದ ಹೆಮ್ಮೆಯಾಗಿತ್ತು, ಸಂಸ್ಥೆಯೂ ಸರ್ಕಾರದ್ದೇ ಆಗಿತ್ತು. ಆದರೂ ಆ ಮಾತು ಅಚ್ಚಾಯಿತು. ನೀರಾವರಿಯೇ ರಾಷ್ಟ್ರೀಯ ಆದ್ಯತೆ ಎಂದು ಮೊದಲೇ ಬರೆದಿಟ್ಟ ಪಟ್ಟಿಯಿಂದ ವಿಷಯ ಆರಿಸಬೇಕಾಗಿದ್ದರೆ, ಅಣೆಕಟ್ಟೆಯ ಕಡೆಗೆ ಬೆರಳು ತೋರುವ ಪ್ರಶ್ನೆಯನ್ನು ಯಾವ ಮಾರ್ಗದರ್ಶಕರು ಒಪ್ಪುತ್ತಿದ್ದರು?

ಜನರ ತೆರಿಗೆಯಿಂದ ನಡೆಯುವ ಸಂಶೋಧನೆ ಜನರಿಗೆ ಉಪಯೋಗಕ್ಕೆ ಬರಬೇಡವೇ ಎಂಬ ಆಕ್ಷೇಪಣೆಯಿದೆ. ಅದು ನ್ಯಾಯವಾದ ಆಕ್ಷೇಪಣೆಯೇ. ಯಾರೂ ಓದದ ಪ್ರಬಂಧಗಳು ಗ್ರಂಥಾಲಯಗಳಲ್ಲಿ ಧೂಳು ತಿನ್ನುತ್ತಿರುವುದೂ ಸುಳ್ಳಲ್ಲ. ಆದರೆ ಉಪಯೋಗವನ್ನು ಅಳೆಯುವವರು ಯಾರು? ಪಾವಗಡದ ಸೌರ ಉದ್ಯಾನವನ್ನೇ ನೋಡಬಹುದು. ತಿರುಮಣಿಯ ಸುತ್ತಲಿನ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಫಲಕಗಳು ನಿಂತಿವೆ. ನವೀಕರಿಸಬಹುದಾದ ಇಂಧನ ನಿಸ್ಸಂಶಯವಾಗಿ ರಾಷ್ಟ್ರೀಯ ಆದ್ಯತೆ. ಹೀಗಾಗಿ ಫಲಕಗಳ ದಕ್ಷತೆ ಹೆಚ್ಚಿಸುವ ಸಂಶೋಧನೆಗೆ ಪಟ್ಟಿಯಲ್ಲಿ ಸ್ಥಾನ ಖಚಿತ. ಭೂಮಿ ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಗುತ್ತಿಗೆ ಹಣ ಬಂತು. ಆ ಹೊಲಗಳಲ್ಲಿ ಕಡಲೆಕಾಯಿ ಕೀಳುತ್ತಿದ್ದ ಭೂರಹಿತ ಕೂಲಿಗಳಿಗೆ ಏನು ಬಂತು, ಕುರಿಗಳು ಎತ್ತ ಹೋದವು, ಎಂಬುದನ್ನು ಅಳೆಯಹೊರಟ ವಿದ್ಯಾರ್ಥಿನಿಗೆ ಅದೇ ಪಟ್ಟಿಯಲ್ಲಿ ಸ್ಥಳ ಸಿಕ್ಕೀತೆಂಬ ಭರವಸೆಯಿಲ್ಲ. ಆಕೆಯ ಪ್ರಬಂಧ ಯೋಜನೆಯ ವಿರುದ್ಧವೇ ಇರಬೇಕೆಂದೇನೂ ಇಲ್ಲ. ಲೆಕ್ಕ ಹಾಕಿದ ಮೇಲಷ್ಟೇ ಅದು ತಿಳಿಯುವುದು.

ಗುಡ್ಡದ ಜನ ಮರೆಯಬಾರದ ಇನ್ನೊಂದು ನಿದರ್ಶನ ಹಿಮಾಲಯದ ಜೋಶಿಮಠದ್ದು. ಪಟ್ಟಣದ ಮನೆಗಳು ಬಿರುಕುಬಿಟ್ಟಾಗ, 12 ದಿನಗಳಲ್ಲಿ ನೆಲ 5.4 ಸೆಂಟಿಮೀಟರ್ ಕುಸಿದಿದೆಯೆಂದು ರಾಷ್ಟ್ರೀಯ ದೂರಸಂವೇದಿ ಕೇಂದ್ರವು ಉಪಗ್ರಹ ಚಿತ್ರಗಳ ಮೂಲಕ 2023ರ ಜನವರಿಯಲ್ಲಿ ತೋರಿಸಿತು. ವರದಿಯನ್ನು ಹಿಂದಕ್ಕೆ ಪಡೆಯಲಾಯಿತು. ಅನುಮತಿಯಿಲ್ಲದೆ ಪತ್ರಿಕೆಗಳೊಡನೆ ಮಾತಾಡಕೂಡದು, ಅಂಕಿಅಂಶ ಹಂಚಿಕೊಳ್ಳಕೂಡದು ಎಂದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ವಿಜ್ಞಾನ ಸಂಸ್ಥೆಗಳಿಗೆ ತಿಳಿಸಿತು. ತಜ್ಞರ ವರದಿಗಳು ಹೊರಬಂದದ್ದು ಸೆಪ್ಟೆಂಬರ್‌ನಲ್ಲಿ, ಉತ್ತರಾಖಂಡದ ಹೈಕೋರ್ಟು ಪ್ರಶ್ನಿಸಿದ ಮೇಲೆ. ಬಿರುಕುಬಿಟ್ಟ ಗೋಡೆಯ ಕೆಳಗೆ ಮಲಗುವವರಿಗೆ ಆ ಎಂಟು ತಿಂಗಳು ಸಣ್ಣ ಅವಧಿಯಲ್ಲ.

ದೋಷ ದೆಹಲಿಯದ್ದಷ್ಟೇ ಎನ್ನುವಂತಿಲ್ಲ. ಕುಲಪತಿಗಳ ನೇಮಕದಲ್ಲಿ ರಾಜ್ಯಗಳ ಪಾತ್ರವನ್ನು ಕುಗ್ಗಿಸುವ ಯುಜಿಸಿ ಕರಡನ್ನು ವಿರೋಧಿಸಿ 2025ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಹಲವು ರಾಜ್ಯಗಳ ಶಿಕ್ಷಣ ಸಚಿವರ ಸಮಾವೇಶ ನಡೆಯಿತು, ನಡೆದದ್ದು ಸರಿಯೇ. ಆದರೆ ಕುಲಪತಿಯನ್ನು ಯಾರು ಆರಿಸಬೇಕೆಂಬ ಜಗಳದಲ್ಲಿ ತರಗತಿಯ ಅಧ್ಯಾಪಕನ ಪಾಡು ಮರೆಯಾಗುತ್ತದೆ. ಕರ್ನಾಟಕದ ಪದವಿ ಕಾಲೇಜುಗಳಲ್ಲಿ ಪಾಠದ ಭಾರ ಬಹುಪಾಲು ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಪ್ರತಿ ವರ್ಷ ನೇಮಕದ ಆದೇಶಕ್ಕೆ ಕಾಯುವವನು ಕಲ್ಲುಗಣಿಯ ಧೂಳಿನ ಬಗ್ಗೆ, ಮರಳು ಬಗೆದ ಹಳ್ಳದ ಬಗ್ಗೆ ವಿದ್ಯಾರ್ಥಿಗಳನ್ನು ಕರೆದೊಯ್ದು ಸಮೀಕ್ಷೆ ಮಾಡಿಸುವ ಮುನ್ನ ಎರಡು ಬಾರಿ ಯೋಚಿಸುತ್ತಾನೆ. ಅವನನ್ನು ಸುಮ್ಮನಾಗಿಸಲು ಸುತ್ತೋಲೆಯೂ ಬೇಕಿಲ್ಲ.

ತುಮಕೂರು ವಿಶ್ವವಿದ್ಯಾಲಯ 2004ರಲ್ಲಿ ಸ್ಥಾಪನೆಯಾದ ಮೇಲೆ ಈ ನಾಲ್ಕು ತಾಲ್ಲೂಕುಗಳ ಮಕ್ಕಳಿಗೆ ಸ್ನಾತಕೋತ್ತರ ಪದವಿ ಹತ್ತಿರವಾಯಿತು. ಕೆರೆ ಹೂಳು, ಗಣಿ, ಕರಡಿಗಳ ಬಗ್ಗೆ ಹೋರಾಡುವ ಸಂಘಟನೆಗಳು ಕಾಲೇಜಿನ ಖಾಲಿ ಹುದ್ದೆಗಳನ್ನು ಖಾಯಂ ಆಗಿ ತುಂಬಬೇಕೆಂಬುದನ್ನೂ, ವಿಷಯದ ಆಯ್ಕೆ ವಿದ್ಯಾರ್ಥಿಗೂ ಮಾರ್ಗದರ್ಶಕರಿಗೂ ಬಿಟ್ಟದ್ದಾಗಿರಬೇಕೆಂಬುದನ್ನೂ ತಮ್ಮ ಮನವಿಪತ್ರದಲ್ಲಿ ಸೇರಿಸುವುದು ಅಗತ್ಯ. ಇದುವರೆಗೆ ಅದನ್ನು ಉಪನ್ಯಾಸಕರ ಸಂಘದ ಕೆಲಸವೆಂದು ಬಿಟ್ಟುಬಿಡಲಾಗಿದೆ.