ಬಾಡಿಗೆಗೆ ಬಂದ ಶೌಚಗೃಹ

ಶೌಚಗೃಹದ ಮಾತನ್ನು ಸಾಹಿತ್ಯದ ಪುಟದಲ್ಲಿ ಎತ್ತುವುದು ಕೆಲವು ವಾಚಕರಿಗೆ ಔಚಿತ್ಯಭಂಗವೆಂದು ತೋರಬಹುದು. ಔಚಿತ್ಯವು ಕಾವ್ಯದ ಗುಣವೆಂಬುದು ನಿಜ. ಆದರೆ ಅದನ್ನೇ ನೆಪಮಾಡಿಕೊಂಡು ಕಣ್ಣೆದುರಿನ ಸಂಕಟಕ್ಕೆ ಬೆನ್ನು ತಿರುಗಿಸುವುದನ್ನು ರಸಿಕತೆಯೆನ್ನಲಾಗದು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಈಚೆಗೆ ಕಟ್ಟುವ ಕೆಲಸಕ್ಕೆ ಬಿಡುವೇ ಇಲ್ಲ. ತುಮಕೂರು-ಶಿವಮೊಗ್ಗ ಹೆದ್ದಾರಿ ಅಗಲವಾಗುತ್ತ ಬಂದಿತು. ಎತ್ತಿನಹೊಳೆಯ ನೀರನ್ನು ಪೂರ್ವದ ಜಿಲ್ಲೆಗಳಿಗೆ ಒಯ್ಯಬೇಕಾದ ನಾಲೆ ಈ ಬಯಲನ್ನು ಸೀಳಿಕೊಂಡು ಸಾಗಿತು. ಪಕ್ಕದ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯ ಉದ್ಘಾಟನೆಯಾಯಿತು. ಸಂಪಿಗೆಯಂಥ ಊರುಗಳಲ್ಲಿಯೂ ಹೆಂಚಿನ ಮನೆ ಹೋಗಿ ತಾರಸಿಯ ಮನೆ ಏಳುತ್ತಿದೆ. ಹಿಂದೆ ಊರಿನ ಗಾರೆಯವನು ಊರಿನ ಆಳುಗಳನ್ನೇ ಕಟ್ಟಿಕೊಂಡು ಮನೆ ಕಟ್ಟುತ್ತಿದ್ದ. ಅವರು ನಡುವೆ ತಮ್ಮ ಮನೆಗೆ ಹೋಗಿಬರುತ್ತಿದ್ದರು. ಇಂದು ದೊಡ್ಡ ಕೆಲಸಗಳಿಗೆ ಬರುವವರು ರಾಯಚೂರು, ಯಾದಗಿರಿಗಳ ಕಡೆಯವರು, ಬಿಹಾರ, ಒಡಿಶಾಗಳವರು. ಅವರಿಗೆ ಇಲ್ಲಿ ಮನೆಯೂ ಇಲ್ಲ, ತೋಟವೂ ಇಲ್ಲ.

ತೆಂಗಿನ ತೋಟ ದೂರಕ್ಕೆ ಅಡವಿಯಂತೆ ಕಂಡರೂ ಮರೆಗೆ ಒದಗುವುದಿಲ್ಲ. ತಲೆಯಲ್ಲಿ ಗರಿ, ಬುಡದಲ್ಲಿ ಬಯಲು; ಸಾಲಿನ ನಡುವೆ ಆಚೆಯ ಹೊಲದವರೆಗೂ ನೋಟ ಹಾಯುತ್ತದೆ. ಗಂಡಸು ಹೇಗೋ ಬೇಲಿಯ ಮಗ್ಗುಲಿಗೆ ಹೋಗಿಬಂದಾನು. ಗಾರೆ ಹೊರುವ ಹೆಂಗಸು ಬೆಳಗಿನ ಕತ್ತಲೆಯೊಂದನ್ನು, ಸಂಜೆಯ ಕತ್ತಲೆಯೊಂದನ್ನು ಕಾಯಬೇಕು. ನಡುವಣ ಹತ್ತು ಹನ್ನೆರಡು ಗಂಟೆಗಳಿಗೆ ಅವಳು ಕಂಡುಕೊಂಡ ಉಪಾಯ ನೀರು ಕುಡಿಯದಿರುವುದು. ಬಿಸಿಲಿನಲ್ಲಿ ದುಡಿಯುವ ದೇಹಕ್ಕೆ ಇದಕ್ಕಿಂತ ಕ್ರೂರವಾದ ವ್ರತವಿಲ್ಲ. ತಲೆಸುತ್ತು, ಉರಿಮೂತ್ರ, ಮೂತ್ರಕೋಶದ ಸೋಂಕು ಇದರ ಫಲ. ಇನ್ನು ತೋಟದ ಒಡೆಯನ ಬೈಗುಳ. ಕಾಯಿ ಬಿದ್ದ ನೆಲದಲ್ಲಿ ಆಯಬೇಕಾದವರು ಅವನ ಮನೆಯವರೇ ಆದುದರಿಂದ ಅವನ ಸಿಟ್ಟನ್ನೂ ಅನ್ಯಾಯವೆನ್ನುವಂತಿಲ್ಲ.

ಕಾನೂನು ಸುಮ್ಮನಿಲ್ಲ. 1996ರ ಕಟ್ಟಡ ಕಾರ್ಮಿಕರ ಅಧಿನಿಯಮದ 33ನೆಯ ಪ್ರಕರಣವು ಸಾಕಷ್ಟು ಶೌಚಗೃಹಗಳನ್ನು ಒದಗಿಸುವ ಹೊಣೆಯನ್ನು ಕೆಲಸ ಮಾಡಿಸುವವನ ಮೇಲೆ ಹೊರಿಸಿತು. ಆ ಅಧಿನಿಯಮವನ್ನು ಒಳಗೊಂಡ 2020ರ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಗಂಡಸರಿಗೆ, ಹೆಂಗಸರಿಗೆ, ಲಿಂಗಾಂತರಿಗಳಿಗೆ ಬೇರೆಬೇರೆ ಏರ್ಪಾಡಿರಬೇಕೆಂದು ಅದು ಹೇಳುತ್ತದೆ. ಆದರೆ ಹತ್ತು ಮಂದಿಗಿಂತ ಕಡಮೆ ಆಳುಗಳ ಕೆಲಸ, ಐವತ್ತು ಲಕ್ಷ ರೂಪಾಯಿ ಮೀರದ ಸ್ವಂತ ವಾಸದ ಮನೆ ಇದರ ಕಟ್ಟಡ ಕೆಲಸದ ವ್ಯಾಖ್ಯೆಯಿಂದ ಹೊರಗೆ. ಹಳ್ಳಿಯ ಮನೆ ಕೆಲಸ ಬಹುಮಟ್ಟಿಗೆ ಹೀಗೆ ಜಾರಿಹೋಗುತ್ತದೆ.

ಹೊಣೆ ಉಳ್ಳ ಗುತ್ತಿಗೆದಾರನಿಗೆ ಸುಲಭವಾದ ದಾರಿಯೆಂದರೆ ಬಾಡಿಗೆಯ ಪೆಟ್ಟಿಗೆ. ಅಮೆರಿಕದ ಲಾಂಗ್ ಬೀಚಿನ ಹಡಗುಕಟ್ಟೆಗಳಲ್ಲಿ 1940ರ ದಶಕದಲ್ಲಿ ಮರದ ಗೂಡಾಗಿ ಹುಟ್ಟಿದ ಇದು ಇಂದು ಪ್ಲಾಸ್ಟಿಕ್ಕಿನದೋ ಫೈಬರಿನದೋ ಆಗಿದೆ. ಒಬ್ಬರು ನಿಲ್ಲುವಷ್ಟು ಜಾಗ, ಪೀಠದ ಕೆಳಗೊಂದು ತೊಟ್ಟಿ, ನಾತವನ್ನು ತಡೆಯಲು ನೀಲಿಯ ಔಷಧದ ನೀರು. ಲಾರಿಯಲ್ಲಿ ಬಂದಿಳಿಯುತ್ತದೆ, ಅಡಿಪಾಯ ಬೇಡ, ಕೊಳವೆ ಬೇಡ. ತನಿಖೆಯ ಅಧಿಕಾರಿಗೆ ತೋರಿಸಲು ಇದಕ್ಕಿಂತ ಅನುಕೂಲವಾದ ವಸ್ತು ಇನ್ನೊಂದಿಲ್ಲ. ಅಪಾಯವಿರುವುದೂ ಇಲ್ಲಿಯೇ. ಇದು ಪೆಟ್ಟಿಗೆಯ ಬಾಡಿಗೆಯಲ್ಲ, ತೊಟ್ಟಿಯನ್ನು ಬರಿದುಮಾಡುವ ಸೇವೆಯ ಬಾಡಿಗೆ. ಸಣ್ಣ ತೊಟ್ಟಿ ಹತ್ತು ಮಂದಿಗೆ ವಾರವೊಂದಕ್ಕೆ ಸಾಕಾದೀತು. ನಲವತ್ತು ಮಂದಿಗೆ ಒಂದನ್ನಿಟ್ಟು ತಿಂಗಳಿಗೊಮ್ಮೆ ಟ್ಯಾಂಕರು ಕರೆಸುವೆನೆಂದರೆ ಮೂರನೆಯ ದಿನವೇ ಜನ ಮತ್ತೆ ಬೇಲಿಯ ಕಡೆಗೆ ನಡೆಯುತ್ತಾರೆ. ಹೆಂಗಸರ ಪೆಟ್ಟಿಗೆಗೆ ಒಳಚಿಲಕವೂ ನೀರಿನ ಕೊಡವೂ ಇರದಿದ್ದರೆ ಅದು ಇದ್ದೂ ಇಲ್ಲದಂತೆ.

ತೊಟ್ಟಿ ತುಂಬಿದ ಮೇಲೆ ಬರಿದುಮಾಡುವವರು ಯಾರು? ಬಿ. ಬಸವಲಿಂಗಪ್ಪನವರನ್ನು ನಾವು ಕನ್ನಡದ ಅಧ್ಯಾಪಕರು 1973ರ ಬೂಸಾ ಮಾತಿಗಾಗಿ ಮಾತ್ರ ನೆನೆಯುತ್ತೇವೆ. ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದವರೂ ಅವರೇ ಎಂಬುದು ನಮ್ಮ ತರಗತಿಗಳಲ್ಲಿ ಕೇಳಿಬರುವುದು ಅಪರೂಪ. ಆ ಆಜ್ಞೆಯಾಗಿ ದಶಕಗಳು ಕಳೆದ ಮೇಲೆ, 2010ರಲ್ಲಿ, ಸವಣೂರಿನ ಭಂಗಿ ಜನ ತಮ್ಮ ಅವಸ್ಥೆಯನ್ನು ಲೋಕಕ್ಕೆ ಕಾಣಿಸಲು ಮೈಗೆ ಮಲ ಬಳಿದುಕೊಳ್ಳಬೇಕಾಯಿತು. 2013ರ ಅಧಿನಿಯಮ ನಿಷೇಧವನ್ನು ಇನ್ನೂ ಬಿಗಿಮಾಡಿತು. ಪೆಟ್ಟಿಗೆ ಎಷ್ಟು ಹೊಸದಾದರೂ ತುಂಬಿದ ತೊಟ್ಟಿಗೆ ಪಂಪಿನ ಬದಲು ಕೈ ಇಳಿದರೆ ಹಳೆಯ ಕಾಲವೇ ಹಿಂದಿರುಗಿದಂತೆ. ಪಂಪಿನಿಂದ ಹೀರಿದ್ದನ್ನು ಹಳ್ಳಕ್ಕೋ ಕೆರೆಯಂಗಳಕ್ಕೋ ಬಿಟ್ಟರೂ ಕೆಲಸವಾದಂತಲ್ಲ. ದೇವನಹಳ್ಳಿಯಲ್ಲಿ 2015ರಲ್ಲಿ ಮಲದ ಕೆಸರನ್ನು ಶುದ್ಧಿಮಾಡಿ ಗೊಬ್ಬರವಾಗಿಸುವ ಘಟಕ ಆರಂಭವಾಯಿತು; ಸಣ್ಣ ಪೇಟೆಗೂ ಇದು ಅಸಾಧ್ಯವಲ್ಲವೆಂಬುದಕ್ಕೆ ಅಷ್ಟು ಸಾಕ್ಷಿ ಸಾಕು. ರೈಲುಗಾಡಿಗಳಲ್ಲಿರುವ ಜೈವಿಕ ತೊಟ್ಟಿ ಇನ್ನೊಂದು ದಾರಿ. ಅಲ್ಲಿ ಸೂಕ್ಷ್ಮಜೀವಿಗಳೇ ಬಹುಪಾಲನ್ನು ಕರಗಿಸುತ್ತವೆ.

ಗುತ್ತಿಗೆಯ ದರಪಟ್ಟಿಯಲ್ಲಿ ಸಿಮೆಂಟು, ಕಬ್ಬಿಣಗಳಂತೆ ಶೌಚಗೃಹವನ್ನೂ ಬೇರೆಯ ಬಾಬ್ತಾಗಿ ಬರೆದು, ಹಣವನ್ನು ಪೆಟ್ಟಿಗೆಯ ಲೆಕ್ಕಕ್ಕಲ್ಲದೆ ಬರಿದುಮಾಡಿದ ಸಲದ ಲೆಕ್ಕಕ್ಕೆ ಕೊಡುವುದಾದರೆ ಗುತ್ತಿಗೆದಾರನ ಲಾಭವೂ ಕೂಲಿಯವಳ ಆರೋಗ್ಯವೂ ಒಂದೇ ಕಡೆ ನಿಲ್ಲುತ್ತವೆ. ತನಿಖೆಗೆ ಬಂದವರು ಬಾಗಿಲು ತೆರೆದು ನೋಡಲಿ. ಕಳೆದ ವಾರ ಟ್ಯಾಂಕರು ಎಲ್ಲಿ ಸುರಿಯಿತೆಂಬುದರ ರಸೀತಿಯನ್ನೂ ಕೇಳಲಿ.