ಹಸಿವು ಬರೀ ಮನಸ್ಸಿನ ಮಾತಲ್ಲ

‘ಸ್ವಲ್ಪ ಬಾಯಿ ಕಟ್ಟಿ’ ಎಂಬುದು ದಪ್ಪಗಿರುವವರಿಗೆ ಎಲ್ಲರೂ ಕೊಡುವ ಪುಕ್ಕಟೆ ಸಲಹೆ. ಮದುವೆ ಊಟದ ಪಂಕ್ತಿಯಲ್ಲೂ ಅದೇ, ಡಾಕ್ಟರ ಕೋಣೆಯಲ್ಲೂ ಅದೇ. ಮನಸ್ಸು ಗಟ್ಟಿ ಮಾಡಿದರೆ ತೂಕ ತಾನಾಗಿ ಇಳಿಯುತ್ತದೆ ಎಂಬ ಈ ನಂಬಿಕೆ ಅನೇಕರನ್ನು ಸುಮ್ಮನೆ ನೋಯಿಸಿದೆ.

1994ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಹಾರ್ಮೋನಿನ ಜೀನ್ ಪತ್ತೆಹಚ್ಚಿತು. ಅಲ್ಲಿಯವರೆಗೆ ಕೊಬ್ಬೆಂದರೆ ಕಣಜದಂತೆ ಬರೀ ದಾಸ್ತಾನು ಎಂದೇ ಬಹುಪಾಲು ಜನ ತಿಳಿದಿದ್ದರು. ಆದರೆ ಕೊಬ್ಬಿನ ಕೋಶಗಳು ಸ್ರವಿಸುವ ಲೆಪ್ಟಿನ್ ರಕ್ತದಲ್ಲಿ ಹರಿದು ಮೆದುಳಿನ ಹೈಪೊಥಲಾಮಸ್ ಮುಟ್ಟುತ್ತದೆ. ಅಲ್ಲಿ ಹಸಿವು ಕೆರಳಿಸುವ ನರಕೋಶಗಳನ್ನು ತಣ್ಣಗಾಗಿಸಿ, ‘ಸಾಕು’ ಎನಿಸುವ ಕೋಶಗಳನ್ನು ಚುರುಕುಗೊಳಿಸುತ್ತದೆ.

ಲೆಪ್ಟಿನ್ ಇಲ್ಲದಿದ್ದರೆ ಏನಾಗುತ್ತದೆ? ಕೇಂಬ್ರಿಜ್‌ನ ವೈದ್ಯರು 1999ರಲ್ಲಿ ವರದಿ ಮಾಡಿದ ಹುಡುಗಿಗೆ ಒಂಬತ್ತು ವರ್ಷ, ತೂಕ 94.4 ಕೆ.ಜಿ. ಹುಟ್ಟುವಾಗ ಎಲ್ಲ ಮಕ್ಕಳಂತೆಯೇ ಇದ್ದವಳು, ಕೆಲವೇ ತಿಂಗಳಲ್ಲಿ ತೀರದ ಹಸಿವಿಗೆ ಸಿಕ್ಕಿದ್ದಳು. ಲೆಪ್ಟಿನ್ ಜೀನಿನಲ್ಲಿ ಒಂದೇ ಒಂದು ಅಕ್ಷರ ಬಿಟ್ಟುಹೋಗಿತ್ತು. ದಿನಾ ಲೆಪ್ಟಿನ್ ಇಂಜೆಕ್ಷನ್ ಕೊಡಲು ಶುರು ಮಾಡಿದ ಮೇಲೆ ಅವಳ ಊಟ ಇಳಿಯಿತು, ವರ್ಷದಲ್ಲಿ 16.4 ಕೆ.ಜಿ. ಕರಗಿತು. ಆ ಮಗುವಿಗೆ ಬುದ್ಧಿ ಹೇಳಿ ಏನು ಪ್ರಯೋಜನವಿತ್ತು?

ಹಾಗಾದರೆ ಎಲ್ಲರಿಗೂ ಇದೇ ಮದ್ದು ಕೊಡಬಹುದಲ್ಲ ಎಂಬ ಆಸೆ ಔಷಧ ಕಂಪನಿಗಳಿಗೂ ಇತ್ತು. ಅದು ಕೈಗೂಡಲಿಲ್ಲ. ಸ್ಥೂಲಕಾಯದ ಬಹುತೇಕರಲ್ಲಿ ಲೆಪ್ಟಿನ್‌ಗೆ ಕೊರತೆಯೇ ಇಲ್ಲ, ಹೇರಳವಾಗಿದೆ. ಮೆದುಳು ಅದಕ್ಕೆ ಓಗೊಡುವುದಿಲ್ಲ. ನನ್ನ ಮಟ್ಟಿಗೆ ಇಡೀ ಕಥೆಯ ತಿರುಳು ಇಲ್ಲಿದೆ. ಕೊಬ್ಬು ಹೆಚ್ಚಾಯಿತೆಂದು ತಿಳಿಸುವುದಕ್ಕಿಂತ, ಕಡಿಮೆಯಾಯಿತೆಂದು ಎಚ್ಚರಿಸುವುದೇ ಲೆಪ್ಟಿನ್‌ನ ದೊಡ್ಡ ಕೆಲಸ. ಪಥ್ಯ ಮಾಡಿ ಹತ್ತು ಕಿಲೊ ಇಳಿಸಿದವರಲ್ಲಿ ಲೆಪ್ಟಿನ್ ಕುಸಿಯುತ್ತದೆ, ಮೆದುಳು ಅದನ್ನು ಬರಗಾಲವೆಂದೇ ಓದುತ್ತದೆ. ಹಸಿವು ಏರುತ್ತದೆ, ಮೈ ಖರ್ಚು ಮಾಡುವ ಶಕ್ತಿ ಇಳಿಯುತ್ತದೆ. ತೀರಾ ಸೊರಗಿದ ಹೆಣ್ಣುಮಕ್ಕಳಲ್ಲಿ ಮುಟ್ಟು ನಿಲ್ಲುವುದಕ್ಕೂ ಇದೇ ಕುಸಿತ ಒಂದು ಕಾರಣ. ಇಳಿದ ತೂಕ ಮತ್ತೆ ಏರುವುದನ್ನು ಸೋಮಾರಿತನ ಎಂದು ಕರೆಯುವವರು ಇದನ್ನು ಗಮನಿಸಬೇಕು.

ಊಟ, ನಡಿಗೆ, ನಿದ್ದೆ ಯಾವುದೂ ಇದರಿಂದ ಮುಖ್ಯವಲ್ಲವೆಂದಾಗುವುದಿಲ್ಲ. ಆದರೆ ಇಳಿಸಿದ ತೂಕ ಉಳಿಸಿಕೊಳ್ಳಲು ಬಿಪಿ, ಶುಗರ್‌ಗೆ ಇರುವಂತೆ ವರ್ಷಗಟ್ಟಲೆ ವೈದ್ಯರ ನಿಗಾ ಬೇಕು. ಮೂರು ತಿಂಗಳ ಡಯೆಟ್ ಚೀಟಿ ಸಾಲದು. ಇನ್ನೊಂದು ಮಾತು: ಕೇಂಬ್ರಿಜ್ ವೈದ್ಯರು ಕಂಡ ಆ ಹುಡುಗಿಯ ತಂದೆತಾಯಿ ರಕ್ತಸಂಬಂಧಿಗಳು, ಜೀನಿನ ಅದೇ ದೋಷ ಇಬ್ಬರಿಂದಲೂ ಅವಳಿಗೆ ಬಂದಿತ್ತು. ಸೋದರಮಾವ, ಅತ್ತೆ ಮಗ ಎಂದು ಸಂಬಂಧದೊಳಗೇ ಮದುವೆಯಾಗುವ ರೂಢಿ ನಮ್ಮಲ್ಲೂ ಇದೆ. ಅಂಥ ಮನೆಯ ಕೂಸು ವರ್ಷ ತುಂಬುವ ಮೊದಲೇ ವಿಪರೀತ ದಪ್ಪಗಾಗಿ, ಎಷ್ಟು ಉಣಿಸಿದರೂ ಅಳುತ್ತಿದ್ದರೆ ತಾಯಿಯನ್ನು ದೂರುವ ಬದಲು ಮಕ್ಕಳ ತಜ್ಞರು ಲೆಪ್ಟಿನ್ ಪರೀಕ್ಷೆಗೆ ಬರೆದುಕೊಡಲಿ.